ಹಾಯಿದೋಣಿಯ ಎಂಜಿನ್: ಕೈಗೆ ಸಿಗುವಂತೆ ಮಾಡುವುದು ಹೇಗೆ?

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ನೌಕಾಪಡೆಗೆ ಸೇರಿತು. ಅಜಂತಾ ಗುಹೆಯ ಚಿತ್ರವೊಂದನ್ನು ನೋಡಿ ಕಟ್ಟಿದ ಹಡಗು ಅದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕೂಡಿಸಿದ್ದಾರೆ. ಅದರಲ್ಲಿ ಎಂಜಿನ್ ಇಲ್ಲ. ಮುಂದಿನ ವಾರವೇ, ಮೇ 29ರಂದು, ನೌಕಾಪಡೆಯ ದಿಲ್ನಾ ಮತ್ತು ರೂಪಾ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಗೋವಾಕ್ಕೆ ಮರಳಿದರು. ಆ ದೋಣಿಯಲ್ಲಿ ಎಂಜಿನ್ ಇದೆ. ಇವತ್ತಿನ ದೊಡ್ಡ ಹಾಯಿದೋಣಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ.

ಗಾಳಿಯಲ್ಲೇ ಹೋಗುವ ದೋಣಿಗೆ ಎಂಜಿನ್ ಯಾಕೆ ಅಂತ ಅನಿಸುವುದು ಸಹಜ, ಅಲ್ವಾ? ದೋಣಿ ಇಟ್ಟುಕೊಂಡವರನ್ನು ಕಾಡುವ ಪ್ರಶ್ನೆ ಬೇರೆ: ಇರುವ ಎಂಜಿನ್ನಿಗೆ ಕೈ ಹಾಕುವುದು ಹೇಗೆ? ಹಳೆಯ ಹಾಯಿದೋಣಿ ಕೊಳ್ಳುವ ಯೋಚನೆ ಇದ್ದರಂತೂ ಬಣ್ಣ, ಹಾಯಿಗಳಿಗಿಂತ ಮೊದಲು ಇದನ್ನೇ ನೋಡಬೇಕು.

ಹಾಯಿ ಇದ್ದ ಮೇಲೂ ಎಂಜಿನ್ ಏಕೆ?

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗುತ್ತಾ ಮುಂದುವರಿಯಬೇಕು. ಬಯಲು ಸಮುದ್ರದಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇರುತ್ತದೆ. ಬಂದರಿನ ಕಿರಿದಾದ ಬಾಯಿಯಲ್ಲಿ ಇರುವುದಿಲ್ಲ. ಒಂದು ಕಡೆ ಕಲ್ಲಿನ ತಡೆಗೋಡೆ, ಇನ್ನೊಂದು ಕಡೆ ಬೇರೆ ಹಡಗುಗಳು. ಅಲ್ಲಿ ಎಂಜಿನ್ ಬೇಕು. ಗಾಳಿ ಪೂರ್ತಿ ನಿಂತಾಗ ಬೇಕು. ದೀಪ, ರೇಡಿಯೋ, ದಾರಿ ತೋರಿಸುವ ಉಪಕರಣಗಳ ಬ್ಯಾಟರಿ ಚಾರ್ಜ್ ಮಾಡಲೂ ಬೇಕು.

ಹಾಗಾಗಿ ವರ್ಷವಿಡೀ ಲೆಕ್ಕ ಹಾಕಿದರೆ ಈ ಎಂಜಿನ್ ಓಡುವುದು ಸ್ವಲ್ಪ ಹೊತ್ತು ಮಾತ್ರ. ಆದರೆ ಓಡಲೇಬೇಕಾದಾಗ ಬೇರೆ ದಾರಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಸಮುದ್ರದಲ್ಲಿ ಸಿಕ್ಕಿಕೊಂಡವರ ನೆರವಿಗೆ ಹೋಗುವ ಆರ್‌ಎನ್‌ಎಲ್‌ಐ ಸಂಸ್ಥೆಗೆ ಬರುವ ಕರೆಗಳಲ್ಲಿ ಎಂಜಿನ್ ಕೆಟ್ಟು ನಿಂತ ದೋಣಿಗಳದ್ದು ತೀರಾ ಸಾಮಾನ್ಯ.

ಇಲ್ಲಿ ಉದಾಹರಣೆಗೆ ಒಂದು ಎಂಜಿನ್ ಹಿಡಿದುಕೊಳ್ಳೋಣ. ಜಪಾನಿನ ಯಾನ್ಮಾರ್ ಕಂಪನಿಯ 2ಜಿಎಂ20ಎಫ್. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 636 ಸಿಸಿ, ಹೆಚ್ಚೆಂದರೆ 18 ಅಶ್ವಶಕ್ತಿ, ತೂಕ ನೂರು ಕಿಲೋಗೂ ಜಾಸ್ತಿ. 1980 ಮತ್ತು 90ರ ದಶಕಗಳಲ್ಲಿ 30 ಅಡಿ ಆಸುಪಾಸಿನ ಎಷ್ಟೋ ಫೈಬರ್ ದೋಣಿಗಳಿಗೆ ಇದನ್ನೇ ಕೂರಿಸಿದರು. ಈಗಲೂ ಓಡುತ್ತಿರುವವು ಬಹಳ ಇವೆ.

ಎಂಜಿನ್ ಅಡಗಿರುವುದು ಎಲ್ಲಿ?

ಇಂಥ ದೋಣಿಯ ಹಿಂಭಾಗದಲ್ಲಿ ಕೂತು ಚುಕ್ಕಾಣಿ ಹಿಡಿಯುವ ತೆರೆದ ಜಾಗಕ್ಕೆ ಕಾಕ್‌ಪಿಟ್ ಎನ್ನುತ್ತಾರೆ. ಅಲ್ಲಿಂದ ಮೂರ್ನಾಲ್ಕು ಮೆಟ್ಟಿಲು ಇಳಿದರೆ ಕ್ಯಾಬಿನ್. ಆ ಮೆಟ್ಟಿಲುಗಳ ಹಿಂದೆ, ಕಾಕ್‌ಪಿಟ್ಟಿನ ನೆಲದ ಕೆಳಗೆ ಎಂಜಿನ್ ಕೂತಿರುತ್ತದೆ.

ಅದನ್ನು ಅಲ್ಲಿಡುವುದಕ್ಕೆ ಕಾರಣವಿದೆ. ಭಾರ ಕೆಳಗೆ ಇದ್ದಷ್ಟೂ, ನಡುವಿಗೆ ಹತ್ತಿರ ಇದ್ದಷ್ಟೂ ದೋಣಿ ಹದವಾಗಿ ತೇಲುತ್ತದೆ. ಎಂಜಿನ್ನಿನಿಂದ ಹೊರಡುವ ಲೋಹದ ಕೋಲು, ಅಂದರೆ ಶಾಫ್ಟ್, ನೇರವಾಗಿ ಹಿಂದಕ್ಕೆ ಹೋಗಿ ಪ್ರೊಪೆಲ್ಲರ್ ತಿರುಗಿಸಬೇಕು. ಜೊತೆಗೆ, ಕ್ಯಾಬಿನ್ನಿನಲ್ಲಿ ಮಲಗುವ, ಅಡಿಗೆ ಮಾಡುವ ಜಾಗವನ್ನು ಎಂಜಿನ್ನಿಗೆ ಬಿಟ್ಟುಕೊಡಲು ಯಾರಿಗೂ ಇಷ್ಟವಿರುವುದಿಲ್ಲ.

ದೋಣಿ ತಯಾರಾಗುವ ಕ್ರಮದಲ್ಲೂ ಒಂದು ತೊಡಕಿದೆ. ಕಾರ್ಖಾನೆಯಲ್ಲಿ ದೋಣಿಯ ಕೆಳಗಿನ ಅರ್ಧವನ್ನು ಮೊದಲು ಅಚ್ಚಿನಲ್ಲಿ ತಯಾರಿಸುತ್ತಾರೆ. ಸಾಮಾನ್ಯವಾಗಿ ಎಂಜಿನ್ನನ್ನು ಆಗಲೇ ಇಳಿಸಿಬಿಡುತ್ತಾರೆ. ಮೇಲೆ ಏನೂ ಇಲ್ಲದ್ದರಿಂದ ಮೆಕ್ಯಾನಿಕ್ ನಾಲ್ಕೂ ಕಡೆಯಿಂದ ಕೆಲಸ ಮಾಡಬಹುದು. ಆಮೇಲೆ ಡೆಕ್, ಅಂದರೆ ಮೇಲಿನ ಅರ್ಧ, ಮುಚ್ಚುತ್ತಾರೆ, ಮಲಗುವ ಬಂಕು, ಕಪಾಟು ಎಲ್ಲ ಕೂಡಿಸುತ್ತಾರೆ. ಕಾರ್ಖಾನೆಯಲ್ಲಿ ಸಲೀಸಾಗಿ ಹಾಕಿದ ಬೋಲ್ಟು, ದೋಣಿ ಮನೆಗೆ ಬರುವ ಹೊತ್ತಿಗೆ ಮೂರು ಹಲಗೆಗಳ ಹಿಂದೆ ಹೋಗಿರುತ್ತದೆ. ಮಲ್ಪೆಯ ದೊಡ್ಡ ಮೀನುಗಾರಿಕೆ ಬೋಟುಗಳಲ್ಲಿ ಎಂಜಿನ್ ಕೋಣೆಗೆ ಮನುಷ್ಯ ಇಳಿದು ಕೆಲಸ ಮಾಡಬಹುದು. 30 ಅಡಿಯ ಹಾಯಿದೋಣಿಯಲ್ಲಿ ಒಳಗೆ ಹೋಗುವುದು ಕೈ ಮಾತ್ರ. ಕೆಲವು ದೋಣಿಗಳಲ್ಲಿ ಅದೂ ಮೊಣಕೈವರೆಗೆ.

ಆಗಾಗ ನೋಡಬೇಕಾದ್ದು ಏನೇನು?

ಎಂಜಿನ್ನಿನ ಎಲ್ಲಾ ಭಾಗಕ್ಕೂ ಕೈ ಸಿಗಬೇಕಾಗಿಲ್ಲ. ಪದೇ ಪದೇ ಮುಟ್ಟಬೇಕಾದ ಜಾಗಗಳು ಕೆಲವೇ. ಅವು ಯಾವುವು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಸಮುದ್ರದ ನೀರು. ಕಾರಿನ ಎಂಜಿನ್ ರೇಡಿಯೇಟರಿಗೆ ಬಡಿಯುವ ಗಾಳಿಯಿಂದ ತಣ್ಣಗಾಗುತ್ತದೆ. ದೋಣಿಯ ಎಂಜಿನ್ನಿಗೆ ಆ ಗಾಳಿ ಸಿಗುವುದಿಲ್ಲ, ಆದರೆ ಸುತ್ತಲೂ ನೀರಿದೆ. ದೋಣಿಯ ತಳದಲ್ಲಿ ಒಂದು ತೂತು, ಅದಕ್ಕೊಂದು ವಾಲ್ವ್. ಇದಕ್ಕೆ ಸೀಕಾಕ್ ಎನ್ನುತ್ತಾರೆ. ಅಲ್ಲಿಂದ ಬಂದ ನೀರು ಕಸ ಸೋಸುವ ಜಾಲರಿ ದಾಟಿ ಪಂಪಿಗೆ ಹೋಗುತ್ತದೆ. ಪಂಪು ಅದನ್ನು ಹೀಟ್ ಎಕ್ಸ್‌ಚೇಂಜರಿಗೆ ತಳ್ಳುತ್ತದೆ. ಅಲ್ಲಿ ಎಂಜಿನ್ನಿನೊಳಗೆ ಸುತ್ತುವ ಕೂಲೆಂಟಿನ ಬಿಸಿಯನ್ನು ಸಮುದ್ರದ ನೀರು ಹೀರಿಕೊಳ್ಳುತ್ತದೆ. ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಕೊನೆಗೆ ಆ ನೀರು ಹೊಗೆಯ ಜೊತೆ ಸೇರಿ ಹಿಂದಿನಿಂದ ಹೊರಗೆ ಚಿಮ್ಮುತ್ತದೆ.

ಈ ಪಂಪಿನೊಳಗೆ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರ ಇದೆ. ಅದಕ್ಕೆ ನೀರೇ ಜಾರುವ ಎಣ್ಣೆ. ಸೀಕಾಕ್ ತೆರೆಯಲು ಮರೆತು ಎಂಜಿನ್ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ರಬ್ಬರು ಸುಟ್ಟು ಹರಿದುಹೋಗುತ್ತದೆ. ಹರಿದ ಚೂರುಗಳು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರಿನ ಸಣ್ಣ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸ ಇಂಪೆಲ್ಲರ್ ಹಾಕಿದರೆ ಸಾಲದು, ಹಳೆಯ ಚೂರುಗಳನ್ನೆಲ್ಲ ಹುಡುಕಿ ತೆಗೆಯಬೇಕು. ನಮ್ಮ ಉದಾಹರಣೆಯ ಎಂಜಿನ್ನಿನಲ್ಲಿ ಈ ಪಂಪಿನ ಮುಚ್ಚಳ ಹಿಂಬದಿಗೆ ತಿರುಗಿರುವುದರಿಂದ ಅದರ ಸ್ಕ್ರೂಗಳು ಕಣ್ಣಿಗೇ ಬೀಳುವುದಿಲ್ಲ. ಅನೇಕರು ಇಡೀ ಪಂಪನ್ನೇ ಬಿಚ್ಚಿ ಹೊರತಂದು ಇಂಪೆಲ್ಲರ್ ಬದಲಿಸುತ್ತಾರೆ.

ಎರಡನೆಯದು ಡೀಸೆಲ್ ಬರುವ ದಾರಿ. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಸಾಮಾನ್ಯವಾಗಿ ಎರಡು ಫಿಲ್ಟರ್ ಇರುತ್ತವೆ. ಮೊದಲನೆಯದು ನೀರನ್ನೂ ದೊಡ್ಡ ಕಸವನ್ನೂ ಹಿಡಿಯುತ್ತದೆ. ಎರಡನೆಯದು ಎಂಜಿನ್ನಿನ ಮೇಲೇ ಇದ್ದು ಸಣ್ಣ ಕೊಳೆ ಹಿಡಿಯುತ್ತದೆ. ಫಿಲ್ಟರ್ ಬದಲಿಸಿದಾಗ ಪೈಪಿನೊಳಗೆ ಗಾಳಿ ಸೇರುತ್ತದೆ. ಟ್ರಾಕ್ಟರ್ ಓಡಿಸುವವರು ‘ಏರ್ ಹಿಡಿದಿದೆ’ ಎನ್ನುವುದು ಇದನ್ನೇ. ಸಣ್ಣ ಸ್ಕ್ರೂ ಸಡಿಲಿಸಿ, ಕೈಪಂಪಿನ ಲಿವರ್ ಒತ್ತುತ್ತಾ ಗುಳ್ಳೆ ನಿಲ್ಲುವ ತನಕ ಡೀಸೆಲ್ ಬಿಡಬೇಕು. ಆ ಸ್ಕ್ರೂ ಮತ್ತು ಲಿವರ್ ಎರಡೂ ಕೈಗೆ ಸಿಗಬೇಕು, ಗುಳ್ಳೆ ಕಣ್ಣಿಗೆ ಕಾಣಬೇಕು.

ಮೂರನೆಯದು ಎಂಜಿನ್ ಆಯಿಲ್. ಕಾರಿನಲ್ಲಿ ಅಡಿಯ ಬೋಲ್ಟ್ ಬಿಚ್ಚಿ ಆಯಿಲ್ ಸುರಿಸುತ್ತೇವೆ. ದೋಣಿಯಲ್ಲಿ ಎಂಜಿನ್ನಿನ ಅಡಿಗೆ ಪಾತ್ರೆ ಇಡಲೂ ಜಾಗವಿರುವುದಿಲ್ಲ. ಹಾಗಾಗಿ ಆಯಿಲ್ ಮಟ್ಟ ನೋಡುವ ಕಡ್ಡಿಯ ತೂತಿನೊಳಗೆ ಸಣ್ಣ ಕೊಳವೆ ಇಳಿಸಿ ಪಂಪಿನಿಂದ ಹೀರಿ ತೆಗೆಯುತ್ತಾರೆ. ಎಂಜಿನ್ ಬಿಸಿಯಿದ್ದಾಗ ಮಾಡಿದರೆ ಆಯಿಲ್ ತೆಳುವಾಗಿ ಬೇಗ ಬರುತ್ತದೆ.

ಬೆಲ್ಟಿನ ಬಿಗಿ, ಕೂಲೆಂಟಿನ ಮಟ್ಟ, ಪೈಪುಗಳ ಕ್ಲಿಪ್ಪು ಇವೆಲ್ಲ ಮುಂದಿನಿಂದಲೇ ಕಾಣುತ್ತವೆ, ಅಷ್ಟು ತೊಂದರೆ ಇಲ್ಲ. ಮರೆತುಹೋಗುವುದು ಹಿಂಭಾಗ. ಶಾಫ್ಟ್ ದೋಣಿಯಿಂದ ನೀರಿಗೆ ಇಳಿಯುವ ಜಾಗದಲ್ಲಿ ನೀರು ಒಳನುಗ್ಗದಂತೆ ತಡೆಯುವ ಸ್ಟಫಿಂಗ್ ಬಾಕ್ಸ್ ಎಂಬ ಭಾಗ ಇದೆ. ಹಳೆಯ ಬಗೆಯದಾದರೆ ಶಾಫ್ಟ್ ತಿರುಗುವಾಗ ಅದರಿಂದ ನಿಮಿಷಕ್ಕೆ ಒಂದೆರಡು ಹನಿ ನೀರು ಬೀಳಬೇಕು, ಆ ಹನಿಯೇ ಅದನ್ನು ತಣ್ಣಗಿಡುವುದು. ಹನಿ ಧಾರೆಯಾದರೆ ದೋಣಿಯ ತಳದಲ್ಲಿ ನೀರು ತುಂಬುತ್ತದೆ. ಇದನ್ನು ನೋಡದೆ ವರ್ಷಗಟ್ಟಲೆ ಬಿಡುವುದಕ್ಕೆ ಒಂದೇ ಕಾರಣ, ಅಲ್ಲಿಗೆ ತಲೆ ತೂರುವುದಿಲ್ಲ.

ಕೈಗೆ ಸಿಗದ್ದು ಕೆಡುವ ಹೊತ್ತು

ಡೀಸೆಲ್ ಟ್ಯಾಂಕಿನ ತಳದಲ್ಲಿ ಕಾಲಕ್ರಮೇಣ ಕೆಸರು ಕೂರುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿನ ತೇವ ನೀರಾಗಿ ತಳ ಸೇರುತ್ತದೆ. ಆ ನೀರೂ ಡೀಸೆಲ್ಲೂ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಶಾಂತ ನೀರಿನಲ್ಲಿ ಇದು ಅಲುಗಾಡದೆ ಬಿದ್ದಿರುತ್ತದೆ.

ಅಲೆ ಎದ್ದು ದೋಣಿ ಹೊಯ್ದಾಡಿದಾಗ ತಳದ ಕೆಸರೆಲ್ಲ ಕಲಕಿ ಮೇಲೇಳುತ್ತದೆ. ಅದು ನೇರ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಎಂಜಿನ್ ನಿಲ್ಲುವುದು ಹೆಚ್ಚಾಗಿ ಕೆಟ್ಟ ಹವೆಯಲ್ಲೇ ಯಾಕೆ ಎಂಬುದಕ್ಕೆ ಇದೇ ಉತ್ತರ. ಆಗ ದೋಣಿ ವಾಲುತ್ತಿರುತ್ತದೆ, ಕತ್ತಲಿರಬಹುದು, ಹೊಟ್ಟೆ ತೊಳೆಸುತ್ತಿರುತ್ತದೆ. ಆ ಸ್ಥಿತಿಯಲ್ಲಿ ಬಂಕಿನ ಹಾಸಿಗೆ ಎತ್ತಿ, ಎಂಟು ಸ್ಕ್ರೂ ಬಿಚ್ಚಿ, ಹಲಗೆ ಸರಿಸಿ ಫಿಲ್ಟರ್ ಮುಟ್ಟಬೇಕಾದರೆ ಹೆಚ್ಚಿನವರಿಂದ ಆಗುವ ಕೆಲಸವಲ್ಲ.

ಇನ್ನೊಂದು ಅಪಾಯ ಎಂಜಿನ್ ಸ್ಟಾರ್ಟ್ ಆಗದಿದ್ದಾಗ. ಕೀಲಿ ತಿರುಗಿಸುತ್ತಲೇ ಇದ್ದರೆ ನೀರಿನ ಪಂಪೂ ತಿರುಗುತ್ತಿರುತ್ತದೆ. ಎಂಜಿನ್ ಓಡುತ್ತಿದ್ದರೆ ಹೊಗೆಯ ಒತ್ತಡ ಆ ನೀರನ್ನು ಹೊರಗೆ ತಳ್ಳುತ್ತದೆ. ಓಡದಿದ್ದಾಗ ನೀರು ಹೊಗೆ ಪೈಪಿನ ಡಬ್ಬಿಯಲ್ಲಿ ತುಂಬುತ್ತಾ ಬಂದು ಕೊನೆಗೆ ಸಿಲಿಂಡರಿಗೇ ನುಗ್ಗಬಹುದು. ಉಪ್ಪುನೀರು ಒಳಹೊಕ್ಕ ಎಂಜಿನ್ ಉಳಿಸುವುದು ಕಷ್ಟ. ಆದ್ದರಿಂದ ಜಾಸ್ತಿ ಹೊತ್ತು ಕೀಲಿ ತಿರುಗಿಸಬೇಕಾದರೆ ಸೀಕಾಕ್ ಮುಚ್ಚಬೇಕು, ಎಂಜಿನ್ ಶುರುವಾದ ಕೂಡಲೇ ತೆರೆಯಬೇಕು. ಸೀಕಾಕ್ ಕೈಗೆ ಸಿಗದ ಜಾಗದಲ್ಲಿದ್ದರೆ ಇದನ್ನು ಯಾರೂ ಮಾಡುವುದಿಲ್ಲ.

ಎಂಜಿನ್ ನೀರಿನ ಮಟ್ಟಕ್ಕಿಂತ ಕೆಳಗಿರುವ ದೋಣಿಗಳಲ್ಲಿ ಇದೇ ಬಗೆಯ ಇನ್ನೊಂದು ತೊಂದರೆ ಇದೆ. ಡ್ರಮ್ಮಿನಲ್ಲಿ ಪೈಪು ಇಳಿಸಿ ಒಮ್ಮೆ ಬಾಯಿಂದ ಎಳೆದರೆ ಆಮೇಲೆ ನೀರು ತಾನಾಗಿಯೇ ಹರಿಯುತ್ತದಲ್ಲ, ಹಾಗೆಯೇ ಎಂಜಿನ್ ನಿಂತ ಮೇಲೂ ಸಮುದ್ರದ ನೀರು ಒಳಗೆ ಹರಿಯತೊಡಗಬಹುದು. ಅದನ್ನು ತಡೆಯಲು ಪೈಪನ್ನು ಎತ್ತರಕ್ಕೆ ಬಾಗಿಸಿ, ಬಾಗಿದ ತುದಿಯಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್ ಇಟ್ಟಿರುತ್ತಾರೆ. ಆ ವಾಲ್ವಿಗೆ ಉಪ್ಪು ಕಟ್ಟುತ್ತದೆ, ಆಗಾಗ ತೊಳೆಯಬೇಕು. ಅದು ಎಲ್ಲಿದೆ ಎಂದೇ ಗೊತ್ತಿಲ್ಲದ ಮಾಲೀಕರು ಇದ್ದಾರೆ.

ಗರಗಸ ಹಿಡಿಯದೆ ಆಗುವ ಕೆಲಸ

ಹಲಗೆ ಕತ್ತರಿಸುವ ಮೊದಲು ಮಾಡಬಹುದಾದ್ದು ಬಹಳ ಇದೆ. ಎಂಜಿನ್ ಕೋಣೆಗೆ ಒಳ್ಳೆಯ ಬೆಳಕು ಹಾಕಿ. ಎರಡು ಎಲ್‌ಇಡಿ ಪಟ್ಟಿಗಳನ್ನು ಎರಡು ಬದಿಯಲ್ಲಿ ಅಂಟಿಸಿದರೆ ನೆರಳು ಬೀಳುವುದಿಲ್ಲ. ಎಂಜಿನ್ನಿನ ಅಡಿಯ ಜಾಗವನ್ನು ಉಜ್ಜಿ ತೊಳೆದು ಬಿಳಿ ಬಣ್ಣ ಬಳಿಯಿರಿ. ಬಿಳಿಯ ಮೇಲೆ ಆಯಿಲ್ ಹನಿ ಕಪ್ಪಾಗಿ, ತುಕ್ಕು ಕೆಂಪಾಗಿ, ಕೂಲೆಂಟ್ ತನ್ನ ಬಣ್ಣದಲ್ಲೇ ಕಾಣುತ್ತದೆ. ಯಾವ ಪೈಪು ಸೋರುತ್ತಿದೆ ಎಂದು ಹುಡುಕುವ ಶ್ರಮ ತಪ್ಪುತ್ತದೆ. ನನ್ನ ಪ್ರಕಾರ ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಮುಂದಿನದು ಮೆಟ್ಟಿಲು. ಎಷ್ಟೋ ದೋಣಿಗಳಲ್ಲಿ ಎಂಜಿನ್ ನೋಡಬೇಕಾದರೆ ಮೆಟ್ಟಿಲನ್ನೇ ಕಳಚಿ ಪಕ್ಕಕ್ಕಿಡಬೇಕು. ಕಳಚಿದ ಮೇಲೆ ಮೇಲಿದ್ದವರು ಕೆಳಗಿಳಿಯುವಂತಿಲ್ಲ, ಕೆಳಗಿದ್ದವರು ಮೇಲೆ ಹೋಗುವಂತಿಲ್ಲ. ವಾಲುವ ದೋಣಿಯಲ್ಲಿ ಆ ಭಾರದ ಮೆಟ್ಟಿಲು ಬಿದ್ದರೆ ಕಾಲು ಮುರಿಯುತ್ತದೆ. ಮೆಟ್ಟಿಲಿಗೆ ಮೇಲಿನಿಂದ ಕೀಲು ಹಾಕಿ, ಕಾರಿನ ಡಿಕ್ಕಿಗೆ ಇರುವಂಥ ಗ್ಯಾಸ್ ಸ್ಟ್ರಟ್ ಕೊಟ್ಟರೆ ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಬಹುದು. ಸ್ಟ್ರಟ್ ಕೈಕೊಟ್ಟರೂ ಬೀಳದಂತೆ ಒಂದು ಕೊಂಡಿಯೂ ಇರಲಿ.

ಸ್ಕ್ರೂ ಹಾಕಿ ಮುಚ್ಚಿದ ಹಲಗೆಗಳಿಗೆ ತಿರುಗಿಸುವ ಚಿಲಕ ಕೂಡಿಸಿ. ನೀರಿನ ಪಂಪಿನ ಮುಚ್ಚಳಕ್ಕೆ ಸಣ್ಣ ಸ್ಕ್ರೂಗಳ ಬದಲು ಕೈಯಲ್ಲೇ ತಿರುಗಿಸುವ ದೊಡ್ಡ ತಲೆಯ ಸ್ಕ್ರೂ ಇರುವ ಮುಚ್ಚಳ ಸಿಗುತ್ತದೆ. ಜಾರಿ ಬಿದ್ದ ಸಣ್ಣ ಸ್ಕ್ರೂವನ್ನು ದೋಣಿಯ ತಳದಲ್ಲಿ ಹುಡುಕುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು.

ಕೆಲವು ಭಾಗಗಳನ್ನು ಎಂಜಿನ್ನಿನಿಂದ ದೂರಕ್ಕೆ ಸರಿಸಬಹುದು. ಮೊದಲ ಡೀಸೆಲ್ ಫಿಲ್ಟರನ್ನು ನಿಂತು ಕೈಚಾಚಿದರೆ ಸಿಗುವ ಗೋಡೆಗೆ ತರುವುದು ನಿಜಕ್ಕೂ ಒಳ್ಳೆಯ ಬದಲಾವಣೆ. ಪಕ್ಕಪಕ್ಕ ಎರಡು ಫಿಲ್ಟರ್ ಇಟ್ಟು ನಡುವೆ ವಾಲ್ವ್ ಹಾಕಿದರೆ ಇನ್ನೂ ಒಳ್ಳೆಯದು. ಒಂದು ಕಟ್ಟಿಕೊಂಡರೆ ವಾಲ್ವ್ ತಿರುಗಿಸಿ ಇನ್ನೊಂದರಲ್ಲಿ ಓಡಿಸಬಹುದು. ಆಯಿಲ್ ಫಿಲ್ಟರನ್ನೂ ಪೈಪು ಹಾಕಿ ದೂರಕ್ಕೆ ತರುವವರಿದ್ದಾರೆ. ಅಲ್ಲಿ ಸ್ವಲ್ಪ ಯೋಚಿಸಬೇಕು. ಆಯಿಲ್ ಒತ್ತಡದಲ್ಲಿ ಹರಿಯುತ್ತದೆ, ಸೇರಿಸಿದ ಒಂದೊಂದು ಜಾಯಿಂಟೂ ಸೋರಬಲ್ಲ ಜಾಗ. ಈಗಿನ ಜಾಗದಲ್ಲೇ ಹೇಗಾದರೂ ಕೈ ಹೋಗುತ್ತದೆ ಎಂದಾದರೆ ಬಿಟ್ಟುಬಿಡುವುದೇ ಲೇಸು.

ಹಲಗೆ ಕತ್ತರಿಸುವುದಾದರೆ

ಇಷ್ಟಾದ ಮೇಲೂ ಕೈ ಹೋಗದ ಜಾಗ ಉಳಿದರೆ ಹೊಸ ಬಾಗಿಲು ತೆರೆಯಬೇಕು. ಸಾಮಾನ್ಯವಾಗಿ ಎರಡು ಜಾಗ ಸಿಗುತ್ತವೆ: ಕಾಕ್‌ಪಿಟ್ಟಿನ ಅಡಿಗೆ ಚಾಚಿಕೊಂಡಿರುವ ಮಲಗುವ ಬಂಕಿನ ಕಡೆಯ ಗೋಡೆ, ಮತ್ತು ಕಾಕ್‌ಪಿಟ್ಟಿನ ಸೀಟಿನ ಕೆಳಗೆ ಹಗ್ಗ, ಹಾಯಿ ತುಂಬಿಡುವ ಪೆಟ್ಟಿಗೆಯ ಒಳಗೋಡೆ.

ಎಲ್ಲಾ ಗೋಡೆಯೂ ಬರೀ ಮರೆಯಲ್ಲ. ದೋಣಿಯ ಅಗಲಕ್ಕೆ ನಿಂತ ಅಡ್ಡಗೋಡೆಗಳು, ಅಂದರೆ ಬಲ್ಕ್‌ಹೆಡ್‌ಗಳು, ದೋಣಿಯ ಆಕಾರ ಹಿಡಿದಿಡುತ್ತವೆ. ಗೋಡೆಯ ಅಂಚಿನಲ್ಲಿ ಫೈಬರ್ ಪಟ್ಟಿ ಬಳಿದು ದೋಣಿಯ ಮೈಗೆ ಗಟ್ಟಿಯಾಗಿ ಬೆಸೆದಿದ್ದರೆ ಅದು ಭಾರ ಹೊರುವ ಗೋಡೆ ಎಂದೇ ತಿಳಿಯಿರಿ. ಅದಕ್ಕೆ ಗರಗಸ ಇಡುವ ಮೊದಲು ದೋಣಿ ಕಟ್ಟುವವರನ್ನು ಅಥವಾ ದೋಣಿಗಳನ್ನು ಪರಿಶೀಲಿಸುವ ಸರ್ವೇಯರನ್ನು ಕೇಳಲೇಬೇಕು. ಬರೀ ಸ್ಕ್ರೂ ಹಾಕಿ ನಿಲ್ಲಿಸಿದ ತೆಳು ಪ್ಲೈವುಡ್ ಆದರೆ ಅಷ್ಟು ಹೆದರಬೇಕಿಲ್ಲ.

ಗುರುತು ಹಾಕುವ ಮೊದಲು ಗೋಡೆಯ ಹಿಂದೆ ಏನಿದೆ ಎಂದು ತಿಳಿಯಬೇಕು. ವೈರು, ಡೀಸೆಲ್ ಪೈಪು, ಟ್ಯಾಂಕು ಯಾವುದೂ ಇರಬಹುದು. ಚಿಕ್ಕ ತೂತು ಕೊರೆದು ಬಾಗಿಸಿದ ತಂತಿ ತೂರಿಸಿ ಸುತ್ತಿ ನೋಡಿ, ಇಲ್ಲವೇ ಸಂದಿಯಿಂದ ಮೊಬೈಲು ತೂರಿಸಿ ವಿಡಿಯೋ ಮಾಡಿ. ಗರಗಸದ ಹಲ್ಲು ಹಲಗೆಯ ದಪ್ಪಕ್ಕಿಂತ ಒಂಚೂರೇ ಮುಂದೆ ಹೋಗುವಂತಿರಲಿ.

ಬಾಗಿಲಿನ ಅಳತೆ ಎಷ್ಟು? ಇಲ್ಲಿ ತುಂಬಾ ಜನ ಎಡವುತ್ತಾರೆ. ತೋಳು ಹೋಗುವಷ್ಟು ತೆರೆದರೆ ಆ ತೋಳೇ ಬೆಳಕಿಗೂ ಕಣ್ಣಿಗೂ ಅಡ್ಡ ಬರುತ್ತದೆ. ತೋಳು, ಕೈಯಲ್ಲಿರುವ ಸ್ಪ್ಯಾನರು, ಅದು ತಿರುಗಲು ಜಾಗ, ಜೊತೆಗೆ ಕಣ್ಣು ಹಾಯಲು ಜಾಗ ಎಲ್ಲ ಬೇಕು. ದೊಡ್ಡ ತೂತು ಕೊರೆಯಲಾಗದಿದ್ದರೆ ಕೈಗೊಂದು, ಕಣ್ಣಿಗೊಂದು ಎಂದು ಎರಡು ಚಿಕ್ಕವು ಮಾಡಬಹುದು. ಇನ್ನೊಂದು ಲೆಕ್ಕವೂ ಇದೆ. ಸ್ಟಾರ್ಟರ್ ಮೋಟಾರು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರು, ನೀರಿನ ಪಂಪು ಒಂದಲ್ಲ ಒಂದು ದಿನ ಹೊರಗೆ ಬರಬೇಕು. ಅವು ಆ ತೂತಿನಿಂದ ಬರುತ್ತವೆಯೇ? ರಟ್ಟಿನ ಹಾಳೆಯಲ್ಲಿ ಅದೇ ಅಳತೆಯ ತೂತು ಕತ್ತರಿಸಿ, ತೋಳು ತೂರಿಸಿ ನೋಡಿದರೆ ಹಲಗೆ ಹಾಳಾಗುವ ಮೊದಲೇ ತಿಳಿಯುತ್ತದೆ.

ಮೂಲೆಗಳು ದುಂಡಗಿರಬೇಕು, ಏಕೆಂದರೆ ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಕತ್ತರಿಸಿದ ಪ್ಲೈವುಡ್ಡಿನ ಅಂಚಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಬಳಿಯಬೇಕು, ಇಲ್ಲದಿದ್ದರೆ ತೇವ ಹೀರಿ ಕೊಳೆಯುತ್ತದೆ. ತೂತಿನ ಸುತ್ತ ಹಿಂದಿನಿಂದ ಮರದ ಚೌಕಟ್ಟು ಕೂಡಿಸಿದರೆ ಹೋದ ಬಲ ಸ್ವಲ್ಪ ಮರಳುತ್ತದೆ. ಮುಚ್ಚಳ ತೂತಿಗಿಂತ ದೊಡ್ಡದಿರಲಿ, ದೋಣಿ ವಾಲಿದಾಗ ಹಾರದಂತೆ ಚಿಲಕ ಬಿಗಿಯಾಗಿರಲಿ. ಫೈಬರ್ ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೆಯ ಮಾಸ್ಕ್ ಇಲ್ಲದೆ ಶುರುಮಾಡಬೇಡಿ.

ಕಾಕ್‌ಪಿಟ್ಟಿನ ನೆಲವನ್ನೇ ತೆರೆದರೆ ಎಂಜಿನ್ನಿನ ಮೇಲೆ ನೇರ ನಿಂತು ಕೆಲಸ ಮಾಡಬಹುದು, ಎಂಜಿನ್ ಪೂರ್ತಿ ಎತ್ತಲೂ ಆಗುತ್ತದೆ. ಆದರೆ ಕಾಕ್‌ಪಿಟ್ಟಿಗೆ ಅಲೆ ನುಗ್ಗುತ್ತದೆ, ಮಳೆ ಬೀಳುತ್ತದೆ. ಅಲ್ಲಿನ ಮುಚ್ಚಳ ಸೋರಿದರೆ ಉಪ್ಪುನೀರು ಸೀದಾ ಆಲ್ಟರ್ನೇಟರಿನ ಮೇಲೆ. ನೀರು ಒಳಬಿಡದ ಗಟ್ಟಿ ಮುಚ್ಚಳ, ಅಂದರೆ ಹ್ಯಾಚ್, ಹಾಕುವ ಶಕ್ತಿ ಇದ್ದರೆ ಮಾತ್ರ ಈ ದಾರಿ.

ಗಾಳಿ, ಸದ್ದು, ಬೆಂಕಿ

ಹೊಸ ಬಾಗಿಲು ಮಾಡಿದ ಖುಷಿಯಲ್ಲಿ ಹಳೆಯ ಸಂದಿಗಳನ್ನೆಲ್ಲ ಬಿಗಿಯಾಗಿ ಮುಚ್ಚಬೇಡಿ. ಎಂಜಿನ್ನಿಗೆ ಉಸಿರಾಡಲು ಗಾಳಿ ಬೇಕು. 636 ಸಿಸಿಯ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ, ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆಯುವ ಲೆಕ್ಕದಲ್ಲಿ, ನಿಮಿಷಕ್ಕೆ ಸುಮಾರು 950 ಲೀಟರ್ ಗಾಳಿ ಕುಡಿಯುತ್ತದೆ. ಕೋಣೆ ತಣ್ಣಗಿಡಲು ಬೇಕಾದ್ದು ಬೇರೆ.

ಸದ್ದು ತಡೆಯಲು ಗೋಡೆಗೆ ಅಂಟಿಸಿದ ಫೋಮು ಹಳತಾದಾಗ ಪುಡಿಯಾಗಿ ಉದುರುತ್ತದೆ. ಆ ಪುಡಿ ಎಂಜಿನ್ನಿನ ಗಾಳಿಯ ಬಾಯಿಗೂ ಹೋಗಬಹುದು. ಬಾಗಿಲು ಮಾಡುವಾಗಲೇ ಅದನ್ನೂ ಕಿತ್ತು, ಬೆಂಕಿ ತಡೆಯುವ ಹೊಸ ಹಾಳೆ ಹಾಕುವುದು ಒಳ್ಳೆಯದು. ಬರೀ ಅಂಟು ನಂಬದೆ ವಾಷರ್ ಸಮೇತ ಸ್ಕ್ರೂ ಕೂಡ ಹಾಕಿ, ಬಿಸಿಗೆ ಅಂಟು ಬಿಡುತ್ತದೆ.

ಎಂಜಿನ್ ಕೋಣೆಯಲ್ಲಿ ಬೆಂಕಿ ಕಂಡರೆ ಮುಚ್ಚಳ ತೆರೆಯಬಾರದು. ತೆರೆದರೆ ಹೊಸ ಗಾಳಿ ಸಿಕ್ಕಿ ಬೆಂಕಿ ಭುಗಿಲೇಳುತ್ತದೆ. ಅದಕ್ಕೆಂದೇ ಗೋಡೆಯಲ್ಲಿ ಮುಚ್ಚಳವಿರುವ ಒಂದು ಚಿಕ್ಕ ತೂತು ಇಟ್ಟಿರಬೇಕು. ಎಂಜಿನ್ ನಿಲ್ಲಿಸಿ, ಬೆಂಕಿ ಆರಿಸುವ ಸಿಲಿಂಡರಿನ ಮೂತಿಯನ್ನು ಅದರೊಳಗೆ ತೂರಿಸಿ ಬಿಡಬೇಕು. ಎಂಜಿನ್ ಓಡುತ್ತಿದ್ದರೆ ಬಿಟ್ಟ ಅನಿಲವನ್ನೆಲ್ಲ ಅದೇ ಎಳೆದುಕೊಂಡು ಹೊರಹಾಕಿಬಿಡುತ್ತದೆ.

ಇಷ್ಟೂ ಡೀಸೆಲ್ ಎಂಜಿನ್ನಿನ ಮಾತು. ಅಮೆರಿಕದ ಹಳೆಯ ದೋಣಿಗಳಲ್ಲಿ ಅಟಾಮಿಕ್ 4 ಎಂಬ ಪೆಟ್ರೋಲ್ ಎಂಜಿನ್ ಇನ್ನೂ ಸಿಗುತ್ತದೆ. 1947ರಿಂದ 1985ರವರೆಗೆ ಅದನ್ನು ತಯಾರಿಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ನಿಂತು ಒಂದು ಕಿಡಿಗೆ ಸಿಡಿಯುತ್ತದೆ. ಅಲ್ಲಿ ಸ್ಟಾರ್ಟ್ ಮಾಡುವ ಮೊದಲು ಗಾಳಿ ಹೊರಹಾಕುವ ಬ್ಲೋಯರನ್ನು ಕನಿಷ್ಠ 4 ನಿಮಿಷ ಓಡಿಸಬೇಕು. ಆ ಕೋಣೆಯೊಳಗೆ ಹಾಕುವ ದೀಪ, ಸ್ವಿಚ್ಚು ಕೂಡ ಕಿಡಿ ಹಾರಿಸದ ಬಗೆಯದ್ದೇ ಆಗಿರಬೇಕು.

ಕೆಲಸ ಮುಗಿದ ಮೇಲೆ

ಪರೀಕ್ಷೆಯನ್ನು ದೋಣಿ ದಡಕ್ಕೆ ಕಟ್ಟಿ ನೀರಿನಲ್ಲಿ ನಿಂತಿರುವಾಗಲೇ ಮಾಡಿ. ಸೀಕಾಕ್ ಮುಚ್ಚಿ, ಬ್ಯಾಟರಿ ಸ್ವಿಚ್ಚು ಆರಿಸಿ, ಎಂಜಿನ್ ತಣ್ಣಗಿರುವಾಗ, ತಲೆಗೆ ಕಟ್ಟುವ ಟಾರ್ಚ್ ಬೆಳಕಿನಲ್ಲಿ ಇಂಪೆಲ್ಲರನ್ನೂ ಡೀಸೆಲ್ ಫಿಲ್ಟರನ್ನೂ ಬದಲಿಸಿ ನೋಡಿ. ಯಾವ ಸ್ಪ್ಯಾನರು ಬೇಕಾಯಿತೋ ಅದನ್ನು ಅಲ್ಲೇ ಕ್ಲಿಪ್ಪಿಗೆ ಸಿಕ್ಕಿಸಿಡಿ. ಒಂದು ಇಂಪೆಲ್ಲರ್, ಒಂದು ಬೆಲ್ಟ್, ಎರಡು ಬಗೆಯ ಫಿಲ್ಟರ್ ದೋಣಿಯಲ್ಲೇ ಇರಲಿ. ಏರ್ ತೆಗೆಯುವ ಸ್ಕ್ರೂಗಳಿಗೆ ಕೆಂಪು ಬಣ್ಣದ ಚುಕ್ಕೆ ಇಡಿ. ಸೀಕಾಕಿನ ಹಿಡಿಗೆ ತೆರೆದ ದಿಕ್ಕು ಯಾವುದು ಎಂದು ಬರೆದಿಡಿ. ನೀವಿಲ್ಲದಾಗ ದೋಣಿಯಲ್ಲಿ ಇರುವವರಿಗೂ ತಿಳಿಯಬೇಕಲ್ಲ.

ಆಮೇಲೆ ಸೀಕಾಕ್ ತೆರೆದು, ಬ್ಯಾಟರಿ ಸ್ವಿಚ್ಚು ಹಾಕಿ ಎಂಜಿನ್ ಶುರುಮಾಡಿ. ಹಿಂದಕ್ಕೆ ಹೋಗಿ ಹೊಗೆಯ ಜೊತೆ ನೀರು ಬರುತ್ತಿದೆಯೇ ನೋಡಿ. ಬರದಿದ್ದರೆ ತಕ್ಷಣ ನಿಲ್ಲಿಸಿ, ಮೊದಲು ನೋಡಬೇಕಾದ್ದು ಸೀಕಾಕ್, ಆಮೇಲೆ ಜಾಲರಿ, ಆಮೇಲೆ ಪಂಪಿನ ಮುಚ್ಚಳ.